ಹೊತ್ತು ನೋಡಿ ಹುಟ್ಟು ಹಾಕಿ: ಕರಾವಳಿಯ ಹೊಳೆಯಲ್ಲಿ ಅರ್ಧ ದಿನದ ಕಯಾಕ್ ಪ್ರಯಾಣ

ನಾಲ್ಕು ವರ್ಷದ ಹಿಂದಿನ ಮಾತು. ಡಿಸೆಂಬರಿನ ಒಂದು ಭಾನುವಾರ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ನಾವು ಮೂವರು, ಎರಡು ಕಯಾಕ್ (ಹುಟ್ಟು ಹಾಕಿ ಸಾಗುವ ಸಣ್ಣ ದೋಣಿ) ಸಮೇತ, ಕೆಸರಿನ ಮೇಲೆ ಕೂತಿದ್ದೆವು. ಬೆಳಗ್ಗೆ ಒಂಬತ್ತಕ್ಕೆ ಆ ಸಣ್ಣ ಕವಲಿಗೆ ನುಗ್ಗಿದಾಗ ದೋಣಿ ಸಲೀಸಾಗಿ ತೇಲುವಷ್ಟು ನೀರಿತ್ತು. ಹತ್ತೂವರೆಗೆ ಹಿಂದೆ ತಿರುಗಿ ನೋಡಿದರೆ ಬಂದ ದಾರಿಯೇ ಇಲ್ಲ! ಬರೀ ಹೊಳೆಯುವ ಕಪ್ಪು ಕೆಸರು, ಅದರ ಮೇಲೆ ಓಡಾಡುವ ಏಡಿಗಳು. ಇಳಿದು ಎಳೆಯೋಣ ಅಂತ ನಾನು ಒಂದು ಕಾಲು ಇಟ್ಟೆ, ಮೊಣಕಾಲಿನ ತನಕ ಹೂತುಹೋಯಿತು. ಎಳೆದುಕೊಳ್ಳುವಾಗ ಬೇರಿಗೆ ಅಂಟಿದ್ದ ಚಿಪ್ಪು ತಾಗಿ ಹಿಮ್ಮಡಿ ಸೀಳಿತು. ಆಚೆ ದಡದಲ್ಲಿ ಚಿಪ್ಪು ಹೆಕ್ಕುತ್ತಿದ್ದ ಒಬ್ಬ ಅಜ್ಜಿ ನಮ್ಮನ್ನು ನೋಡಿ, "ನೀರ್ ಇಳೂದ್ ಕಾಣ್ಲಿಲ್ಯಾ ಮಕ್ಳೇ?" ಅಂದರು. ಮತ್ತೆ ನೀರು ಏರಿ ದೋಣಿ ತೇಲುವಾಗ ಮಧ್ಯಾಹ್ನ ಎರಡು ಗಂಟೆ. ಕುಡಿಯೋಕೆ ತಂದಿದ್ದ ನೀರು ಹನ್ನೊಂದಕ್ಕೇ ಖಾಲಿಯಾಗಿತ್ತು.

ಅವತ್ತು ನಮ್ಮ ಕಯಾಕ್ ಚೆನ್ನಾಗಿತ್ತು, ಜಾಕೆಟ್ ಇತ್ತು, ಹುಟ್ಟು ಹಾಕೋಕೂ ಬರುತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಒಂದೇ, ನೀರಿನ ಹೊತ್ತು. ಹುಟ್ಟು ಹಾಕೋದನ್ನು ಒಂದು ಬೆಳಗ್ಗೆಯಲ್ಲಿ ಕಲಿಯಬಹುದು, ಯಾರು ಬೇಕಾದರೂ ಹೇಳಿಕೊಡುತ್ತಾರೆ. ಯಾವಾಗ ಇಳಿಯಬೇಕು, ಯಾವಾಗ ವಾಪಸ್ ತಿರುಗಬೇಕು ಅನ್ನೋದನ್ನು ಮಾತ್ರ ಯಾರೂ ಸರಿಯಾಗಿ ಹೇಳೋದಿಲ್ಲ. ಅದಕ್ಕೇ ಈ ಲೇಖನದಲ್ಲಿ ಆ ಭಾಗವನ್ನು ಸ್ವಲ್ಪ ಜಾಸ್ತಿನೇ ಎಳೆದು ಬರೆದಿದ್ದೇನೆ.

ಮೊದಲು ಜಾಗ

ಮೊದಲ ಸಲ ಹೋಗುವವರಿಗೆ ನಾನು ಹೇಳೋದು ಕರಾವಳಿಯ ಹೊಳೆಗಳ ಕೊನೆಯ ಕೆಲವು ಕಿಲೋಮೀಟರ್. ಅಲ್ಲಿ ನೀರು ಅಗಲ, ಸೆಳೆತ ಕಡಿಮೆ, ಬಂಡೆ ಕಡಿಮೆ, ಎರಡೂ ದಡದಲ್ಲಿ ಮನೆ, ತೋಟ, ಜನ. ಉಡುಪಿ ಮತ್ತು ಕುಂದಾಪುರದ ನಡುವೆ ಇರುವ ಸಾಲಿಗ್ರಾಮದ ಸೀತಾ ನದಿ, ಸ್ವರ್ಣಾ ನದಿಯೂ ಸೀತೆಯೂ ಸೇರಿ ಕಡಲಿಗೆ ಹೋಗುವ ಕೋಡಿ ಬೆಂಗ್ರೆಯ ಒಳಭಾಗ, ಮೂಲ್ಕಿಯ ಶಾಂಭವಿ, ಹೊನ್ನಾವರದ ಶರಾವತಿ, ಇವೆಲ್ಲ ಒಳ್ಳೆಯ ಜಾಗಗಳು. ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿಯಂತೂ ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಐದೂ ಬಂದು ಸೇರುವ ಜಾಗ, ನಡುವೆ ಕುದ್ರುಗಳು (ಹೊಳೆಯ ನಡುಗಡ್ಡೆಗಳು), ತೆಂಗಿನ ತೋಟಗಳು. ನೋಡೋಕೆ ಅದಕ್ಕಿಂತ ಚೆನ್ನಾಗಿರುವುದು ನನಗೆ ಬೇರೆ ಸಿಕ್ಕಿಲ್ಲ. ಆದರೆ ಅಲ್ಲಿ ಮೀನುಗಾರಿಕೆ ಬೋಟುಗಳ ಓಡಾಟ ಇರುತ್ತದೆ, ನೀರೂ ತುಂಬ ಅಗಲ. ಎರಡನೇ ಅಥವಾ ಮೂರನೇ ಪ್ರಯಾಣಕ್ಕೆ ಇಟ್ಟುಕೊಳ್ಳಿ.

ಈ ಜಾಗಗಳಲ್ಲಿ ಕೆಲವು ಕಡೆ ಬಾಡಿಗೆಗೆ ಕಯಾಕ್ ಕೊಟ್ಟು, ಜೊತೆಗೆ ಒಬ್ಬರನ್ನು ಕಳಿಸುವವರು ಇದ್ದಾರೆ. ಮೊದಲ ಎರಡು ಸಲ ಅವರ ಜೊತೆಗೇ ಹೋಗಿ. ದುಡ್ಡು ಉಳಿಸೋಕೆ ಅಂತ ಸ್ವಂತ ದೋಣಿ ತಗೊಂಡು ನೇರ ನೀರಿಗೆ ಇಳಿಯಬೇಡಿ.

ಘಟ್ಟದ ಮೇಲಿನವರಿಗೆ ಬೇರೆ ಲೆಕ್ಕ. ಲಿಂಗನಮಕ್ಕಿ ಹಿನ್ನೀರಿನ ಹೊನ್ನೇಮರಡು ಕಲಿಯೋಕೆ ಒಳ್ಳೆಯ ಜಾಗ. ಆದರೆ ದೊಡ್ಡ ಹಿನ್ನೀರಿನಲ್ಲಿ ಗಾಳಿ ಎದ್ದರೆ ಅಲೆ ಕಡಲಿನ ಹಾಗೇ ಬರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮುಳುಗಿದ್ದ ಹಳೇ ಮರಗಳ ಬೊಡ್ಡೆಗಳೂ ಮೇಲೆ ಬರುತ್ತವೆ, ಅರ್ಧ ಅಡಿ ಕೆಳಗಿರುವ ಬೊಡ್ಡೆ ಕಾಣೋದೇ ಇಲ್ಲ. ಹಾಗಾಗಿ ದಡ ಬಿಟ್ಟು ದೂರ ಹೋಗಬೇಡಿ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ರೀವ ಹಕ್ಕಿಗಳು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಅಲ್ಲಿ ಇಳಿಯೋದು ಬೇಡ, ಹತ್ತಿರ ಹೋಗೋದೂ ಬೇಡ. ತಾಯಿ ಹಕ್ಕಿ ಎದ್ದು ಹೋದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತದೆ. ಜಲಾಶಯ, ಅಭಯಾರಣ್ಯ ಎಲ್ಲಿದ್ದರೂ ಇಲಾಖೆಯ ಅನುಮತಿ ಮೊದಲೇ ಕೇಳಬೇಕು. ಬೆಂಗಳೂರಿನ ಕೆರೆಗಳಿಗೆ ಸುಮ್ನೆ ದೋಣಿ ಹೊತ್ತು ಹೋಗೋಕಾಗೋದಿಲ್ಲ. ಹಲವು ಕೆರೆಗಳ ನೀರು ಮೈಗೆ ತಾಗಿಸಿಕೊಳ್ಳುವ ಸ್ಥಿತಿಯಲ್ಲೂ ಇಲ್ಲ.

ದಾಂಡೇಲಿಯ ಹತ್ತಿರ ಕಾಳಿ ನದಿಯಲ್ಲಿ ಮೊಸಳೆಗಳಿವೆ. ಶ್ರೀರಂಗಪಟ್ಟಣದ ರಂಗನತಿಟ್ಟಿನ ಸುತ್ತಲ ಕಾವೇರಿಯಲ್ಲೂ ಇವೆ. ಅಂಥ ಕಡೆ ಸ್ವಂತವಾಗಿ ಇಳಿಯುವ ಯೋಚನೆಯನ್ನೇ ಮಾಡಬೇಡಿ.

ಭರತ–ಇಳಿತದ ಲೆಕ್ಕ

ಇದು ಈ ಲೇಖನದ ಜೀವ. ನಿಧಾನಕ್ಕೆ ಓದಿ.

ನಮ್ಮ ಕಡಲಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಭರತದಿಂದ (ನೀರು ಪೂರ್ತಿ ಏರಿದ ಹೊತ್ತು) ಇಳಿತಕ್ಕೆ (ಪೂರ್ತಿ ಇಳಿದ ಹೊತ್ತು) ಸುಮಾರು ಆರು ಗಂಟೆ ಚಿಲ್ಲರೆ. ಕಡಲಿಗೆ ಹತ್ತಿರ ಇರುವ ಹೊಳೆಗಳೂ ಅದರ ಜೊತೆಗೇ ಉಸಿರಾಡುತ್ತವೆ. ಆದರೆ ಆ ಆರು ಗಂಟೆಯಲ್ಲಿ ನೀರು ಒಂದೇ ವೇಗದಲ್ಲಿ ಇಳಿಯೋದಿಲ್ಲ. ಮೊದಲ ಒಂದು ಗಂಟೆ ಇಳಿದದ್ದೇ ಗೊತ್ತಾಗೋದಿಲ್ಲ. ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲಿ, ಆ ಎರಡೇ ಗಂಟೆಯಲ್ಲಿ, ಒಟ್ಟು ಇಳಿಯುವ ನೀರಿನ ಹೆಚ್ಚುಕಮ್ಮಿ ಅರ್ಧ ಖಾಲಿಯಾಗುತ್ತದೆ. ನಾವು ಸಿಕ್ಕಿಬಿದ್ದದ್ದು ಅದೇ ಹೊತ್ತಲ್ಲಿ. ಇನ್ನೂ ನೀರಿದೆಯಲ್ಲ ಅಂತ ಅನ್ನಿಸುತ್ತಿರುವಾಗಲೇ ಅದು ಕಾಲಡಿಯಿಂದ ಜಾರಿಹೋಗಿತ್ತು.

ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಎರಡು ಮೂರು ದಿನ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಸೆಳೆತವೂ ಜೋರು. ಅಷ್ಟಮಿಯ ಸುತ್ತಮುತ್ತ ಏರಿಳಿತ ಕಡಿಮೆ, ನೀರು ಸಮಾಧಾನವಾಗಿರುತ್ತದೆ. ಹೊಸಬರಿಗೆ ಆ ದಿನಗಳೇ ಒಳ್ಳೆಯವು. ಗೋಡೆಗೆ ನೇತುಹಾಕಿರುವ ಕ್ಯಾಲೆಂಡರಿನಲ್ಲೇ ತಿಥಿ ಇರುತ್ತದೆ, ಬೇರೆ ಏನೂ ಬೇಕಾಗಿಲ್ಲ. ಗಂಟೆ ನಿಮಿಷದ ಲೆಕ್ಕಕ್ಕೆ ಮೊಬೈಲಿನಲ್ಲಿ ಮಂಗಳೂರು, ಮಲ್ಪೆ ಅಥವಾ ಕಾರವಾರದ ಭರತದ ಪಟ್ಟಿ ಸಿಗುತ್ತದೆ. ನಿಮಗೆ ಹತ್ತಿರದ್ದನ್ನು ನೋಡಿಕೊಳ್ಳಿ. ಒಂದು ಮಾತು ನೆನಪಿರಲಿ. ಪಟ್ಟಿಯಲ್ಲಿರುವುದು ಕಡಲ ಬಾಯಿಯ ಹೊತ್ತು. ಹೊಳೆಯಲ್ಲಿ ಒಳಗೆ ಹೋದಷ್ಟೂ ಭರತ ತಡವಾಗಿ ಬರುತ್ತದೆ.

ಈಗ ಪ್ರಯಾಣದ ಹೊತ್ತು ಹೀಗೆ ಹಾಕಿಕೊಳ್ಳಿ. ಉದಾಹರಣೆಗೆ ಭರತ ಬೆಳಗ್ಗೆ 8:30ಕ್ಕೆ ಅಂದುಕೊಳ್ಳೋಣ. 6:45ಕ್ಕೆ ನೀರಿಗೆ ಇಳಿಯಿರಿ. ಏರುವ ನೀರು ನಿಮ್ಮನ್ನು ತಾನೇ ಮೇಲಕ್ಕೆ, ಹೊಳೆಯ ಒಳಕ್ಕೆ ತಳ್ಳುತ್ತದೆ. ಹುಟ್ಟನ್ನು ಅರ್ಧ ಬಲದಲ್ಲಿ ಹಾಕಿದರೂ ಸಾಕು. ಭರತದ ಹೊತ್ತಿಗೆ ಕಾಂಡ್ಲಾದ ಸಣ್ಣ ಕವಲುಗಳೆಲ್ಲ ತುಂಬಿರುತ್ತವೆ, ಆಗ ಒಳಗೆ ಹೋಗಿ. 9:30ರ ಒಳಗೆ ಕವಲಿನಿಂದ ಹೊರಗೆ, ದೊಡ್ಡ ಹೊಳೆಗೆ ಬಂದಿರಬೇಕು. ಇಳಿಯುವ ನೀರಿನ ಜೊತೆ ವಾಪಸ್ ಹೊರಟರೆ ಹತ್ತೂವರೆಗೆಲ್ಲ ದಡದಲ್ಲಿರುತ್ತೀರಿ. ಹೋಗುವಾಗಲೂ ನೀರಿನ ಸಹಾಯ, ಬರುವಾಗಲೂ ನೀರಿನ ಸಹಾಯ. ಹೊಳೆಯ ಪಕ್ಕದ ಊರಿನವರು ತಲೆಮಾರುಗಳಿಂದ ತೆಂಗಿನಕಾಯಿ, ಸೊಪ್ಪು, ಮರಳು ಸಾಗಿಸಿದ್ದೂ ಹೀಗೆಯೇ.

ಇನ್ನೊಂದು, ತುಂಬ ಜನಕ್ಕೆ ಹೊಳೆಯದ ವಿಷಯ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ದಿನಕ್ಕೆ ಹೆಚ್ಚುಕಮ್ಮಿ ಆರು ಗಂಟೆ. ಅಂದರೆ ಈ ಶನಿವಾರ ಬೆಳಗ್ಗೆ ಎಂಟೂವರೆಗೆ ಭರತ ಇದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಇಳಿತ. ಅದರಾಚೆಯ ಶನಿವಾರ ಮತ್ತೆ ಭರತ. ರಜೆ ಸಿಗೋದು ವಾರಾಂತ್ಯಕ್ಕೇ ಆದ್ದರಿಂದ ಒಂದು ವಾರ ಬಿಟ್ಟು ಒಂದು ವಾರ ಒಳ್ಳೆಯದು ಅಂತ ಇಟ್ಟುಕೊಳ್ಳಿ. "ಕಳೆದ ವಾರ ಗೆಳೆಯರು ಹೋಗಿದ್ದರು, ಸೂಪರ್ ಆಗಿತ್ತಂತೆ, ಈ ವಾರ ನಾವೂ ಅದೇ ಹೊತ್ತಿಗೆ ಹೋಗೋಣ" ಅಂತ ಹೊರಟವರು ಕೆಸರು ನೋಡಿ ಬರುತ್ತಾರೆ.

ಕೈಯಲ್ಲಿ ಗಡಿಯಾರ ಇಲ್ಲದಿದ್ದರೂ ಕಾಂಡ್ಲಾದ ಬೇರೇ ಹೇಳುತ್ತದೆ. ನೀರಿಗೆ ಇಳಿದಿರುವ ಆ ಬಿಲ್ಲಿನಂಥ ಬೇರುಗಳನ್ನು ಹತ್ತಿರದಿಂದ ನೋಡಿ. ನೀರು ಏರುತ್ತಿದ್ದರೆ ನೀರಿನ ಅಂಚಿನ ಮೇಲೆ ಬೇರು ಒಣಗಿ ಬೂದು ಬಣ್ಣ ಇರುತ್ತದೆ. ಇಳಿಯೋಕೆ ಶುರುವಾದರೆ ಅಂಚಿನ ಮೇಲೆ ಕಪ್ಪಗೆ ಒದ್ದೆ ಪಟ್ಟಿ ಕಾಣುತ್ತದೆ. ಆ ಒದ್ದೆ ಪಟ್ಟಿ ಒಂದು ಗೇಣು ಆಯಿತೋ, ಮಾತು ನಿಲ್ಲಿಸಿ ವಾಪಸ್ ತಿರುಗಿ. ವಾಪಸ್ ತಿರುಗೋ ಹೊತ್ತಿಗೆ ನಾವು ಈಗ ಪಾಲಿಸುವ ಕಟ್ಟುನಿಟ್ಟಾದ ನಿಯಮ ಇದೊಂದೇ. ಅದರಿಂದ ಒಂದು ಸಲವೂ ತೊಂದರೆಯಾಗಿಲ್ಲ.

ಗಾಳಿ, ಗುಡುಗು, ಅಣೆಕಟ್ಟು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಬೆಳಗ್ಗೆ ನೀರು ಕನ್ನಡಿಯ ಹಾಗಿರುತ್ತದೆ. ಹನ್ನೊಂದರ ಮೇಲೆ ಕಡಲ ಗಾಳಿ ಏಳುತ್ತದೆ, ಮಧ್ಯಾಹ್ನಕ್ಕೆ ಜೋರಾಗುತ್ತದೆ. ಕಡಲ ಕಡೆ ಮುಖ ಮಾಡಿ ವಾಪಸ್ ಬರಬೇಕಾಗಿದ್ದರೆ ಆ ಗಾಳಿ ಎದೆಗೇ ಹೊಡೆಯುತ್ತದೆ, ಇಳಿಯುವ ನೀರಿಗೂ ಗಾಳಿಗೂ ಎದುರುಬದುರಾಗಿ ಗಿಡ್ಡ ಗಿಡ್ಡ ಅಲೆಗಳು ಏಳುತ್ತವೆ, ಹತ್ತು ಸಲ ಹುಟ್ಟು ಹಾಕಿದರೆ ಮೂರು ಮಾರು ಮುಂದೆ ಹೋಗಿರುತ್ತೀರಿ. ಅಲೆಯ ತಲೆಯಲ್ಲಿ ಬಿಳಿ ನೊರೆ ಕಂಡರೆ ಅವತ್ತಿಗೆ ಸಾಕು, ಹತ್ತಿರದ ದಡಕ್ಕೆ ಹೋಗಿ. ಹನ್ನೊಂದಕ್ಕೆ ಮುಂಚೆ ಮುಗಿಸುವುದೇ ಸರಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಕಡಲಲ್ಲಿ ಹುಟ್ಟಿ ಬೆಳೆದವರಿಗೇ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಅದಕ್ಕೆ ಮೀನಿನ ಸಂತಾನದ ಕಾರಣವೂ ಇದೆ, ಆದರೂ ಆ ನೀರು ಹೇಗಿರುತ್ತದೆ ಅಂತ ಯೋಚನೆ ಮಾಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು. ಬಯಲು ನೀರಿನ ಮೇಲೆ ಎಲ್ಲರಿಗಿಂತ ಎತ್ತರಕ್ಕೆ ಇರುವುದು ನೀವೇ. ಗುಡುಗು ಕೇಳಿದ ತಕ್ಷಣ ದಡಕ್ಕೆ ಬನ್ನಿ. ಕೊನೆಯ ಗುಡುಗು ಆಗಿ ಅರ್ಧ ಗಂಟೆ ಕಳೆಯುವ ತನಕ ಮತ್ತೆ ಇಳಿಯಬೇಡಿ.

ಮೇಲೆ ಅಣೆಕಟ್ಟು ಇರುವ ಹೊಳೆಗಳಲ್ಲಿ ಇನ್ನೊಂದು ಎಚ್ಚರ. ಶರಾವತಿಯಲ್ಲಿ ಗೇರುಸೊಪ್ಪೆ, ಕಾಳಿಯಲ್ಲಿ ಸೂಪಾ, ಕದ್ರಾ, ಇಲ್ಲೆಲ್ಲ ವಿದ್ಯುತ್ ತಯಾರಿಸುವಾಗ ಬಿಡುವ ನೀರು ಯಾವ ಹೊತ್ತಿಗೂ ಬರಬಹುದು. ಮಳೆಯಿಲ್ಲದ ದಿನ ನೀರು ಇದ್ದಕ್ಕಿದ್ದಂತೆ ಮಣ್ಣಿನ ಬಣ್ಣಕ್ಕೆ ತಿರುಗಿದರೆ, ಒಣ ಎಲೆ, ಕಡ್ಡಿ, ನೊರೆ ತೇಲಿಬಂದರೆ, ಮೊದಲು ದಡಕ್ಕೆ ಹೋಗಿ. ಕಾರಣ ಆಮೇಲೆ ಹುಡುಕೋಣ. ಅಣೆಕಟ್ಟಿನ ಸಮೀಪದ ನೀರಿಗಂತೂ ಇಳಿಯಲೇಬೇಡಿ.

ಏನೇನು ಬೇಕು

ಕಯಾಕ್‌ನಲ್ಲಿ ಎರಡು ಬಗೆ. ಒಳಗೆ ಕಾಲು ತೂರಿಸಿ ಕೂರುವುದು ಒಂದು, ಹಲಗೆಯ ಹಾಗೆ ಮೇಲೆ ಕೂರುವುದು ಇನ್ನೊಂದು. ನಮ್ಮ ಬಿಸಿಲಿಗೆ, ನಮ್ಮ ಬೆಚ್ಚಗಿನ ನೀರಿಗೆ, ಹೊಸಬರಿಗೆ ಮೇಲೆ ಕೂರುವುದೇ ಸರಿ. ಮಗುಚಿದರೆ ಕಾಲು ಸಿಕ್ಕಿಕೊಳ್ಳೋದಿಲ್ಲ, ಒಳಗೆ ಬಂದ ನೀರು ತಳದ ತೂತುಗಳಿಂದ ತಾನೇ ಹೋಗುತ್ತದೆ, ಮತ್ತೆ ಹತ್ತೋದೂ ಸುಲಭ. ಗಾಳಿ ತುಂಬುವ ಕಯಾಕ್ ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದೆ ನಿಜ. ಆದರೆ ಹಗುರ, ಗಾಳಿ ಬಂದರೆ ಎಲೆಯ ಹಾಗೆ ಹಾರುತ್ತದೆ, ಕಾಂಡ್ಲಾ ಬೇರಿನ ಚಿಪ್ಪುಗಳು ಅದರ ಶತ್ರು. ಕೆರೆಗೆ ಸರಿ, ಕಾಂಡ್ಲಾ ಕಾಡಿಗೆ ಬೇಡ.

ಲೈಫ್ ಜಾಕೆಟ್ ಬಗ್ಗೆ ರಾಜಿ ಇಲ್ಲ. ಈಜು ಬರುತ್ತದೆ ಅನ್ನುವವರಿಗೂ ಇಲ್ಲ. ಬಾಡಿಗೆಗೆ ಕೊಡುವ ಕಡೆ ಹರಿದ, ಬಕಲ್ ಮುರಿದ ಜಾಕೆಟ್ ಕೊಟ್ಟರೆ ನಾಚಿಕೆ ಪಡದೆ ಬೇರೆ ಕೇಳಿ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಜೊತೆಯವರಿಗೆ ಹೇಳಿ, ಭುಜದ ಹತ್ತಿರ ಹಿಡಿದು ಜೋರಾಗಿ ಮೇಲಕ್ಕೆ ಎತ್ತಿಸಿ. ಜಾಕೆಟ್ ಕಿವಿಯ ತನಕ ಬಂತು ಅಂದರೆ ಅದು ಸಡಿಲ, ಇಲ್ಲ ನಿಮ್ಮ ಅಳತೆಯದ್ದಲ್ಲ. ನೀರಲ್ಲಿ ಬಿದ್ದಾಗಲೂ ಹಾಗೇ ಮೇಲೆ ಹೋಗಿ ಮೂಗು ಬಾಯಿ ಮುಚ್ಚುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ಬಿಗಿಯಾಗಿ ಕಟ್ಟೋದು ಬೇಡ. ಅವರ ಅಳತೆಯದ್ದು, ಕಾಲ ಸಂದಿಯಲ್ಲಿ ಹಾಯುವ ಪಟ್ಟಿ ಇರುವುದೇ ಬೇಕು. ಇಲ್ಲದಿದ್ದರೆ ಅವತ್ತು ಮಗುವನ್ನು ದಡದಲ್ಲೇ ಆಡಿಸಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ತಲೆಗೆ ದಾರ ಇರುವ ಟೊಪ್ಪಿ, ತೋಳು ಮುಚ್ಚುವ ತೆಳು ಅಂಗಿ (ಜೀನ್ಸ್ ಬೇಡ, ಒದ್ದೆಯಾದರೆ ಭಾರ), ಹಿಮ್ಮಡಿಗೆ ಪಟ್ಟಿ ಇರುವ ಗಟ್ಟಿ ಚಪ್ಪಲಿ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಬಾಳೆಹಣ್ಣು, ಶೇಂಗಾ ಚಿಕ್ಕಿ, ಜಾಕೆಟ್ಟಿಗೆ ಕಟ್ಟಿದ ಒಂದು ಸೀಟಿ, ಹತ್ತು ಹದಿನೈದು ಮೀಟರ್ ಹಗ್ಗ, ಚಿಕ್ಕ ಚಾಕು, ಗಾಯಕ್ಕೆ ಔಷಧಿ. ಮೊಬೈಲನ್ನು ನೀರು ಹೋಗದ ಚೀಲದಲ್ಲಿ ಹಾಕಿ ಮೈಗೆ ಕಟ್ಟಿಕೊಳ್ಳಿ, ದೋಣಿಗೆ ಕಟ್ಟಬೇಡಿ. ದೋಣಿ ಹೋದರೆ ಫೋನೂ ಹೋಗುತ್ತದೆ, ಅಲ್ವಾ? ಹೊರಡುವ ಮುಂಚೆ ದಡದಲ್ಲಿರುವ ಒಬ್ಬರಿಗೆ ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ಬರುತ್ತೀರಿ ಅಂತ ಹೇಳಿ ಹೋಗಿ. ಬರದಿದ್ದರೆ 112ಕ್ಕೆ ಕರೆ ಮಾಡಿ ಅಂತಲೂ ಹೇಳಿ.

ದಡದ ಹತ್ತಿರ ಅರ್ಧ ಗಂಟೆ

ಸೊಂಟಮಟ್ಟ ನೀರಿರುವ, ತಳ ಮರಳಿರುವ ಜಾಗದಲ್ಲಿ ಮೊದಲು ಹುಟ್ಟು ಹಿಡಿಯೋದು ಕಲಿಯಿರಿ. ಹುಟ್ಟನ್ನು ತಲೆಯ ಮೇಲೆ ಅಡ್ಡ ಇಟ್ಟುಕೊಳ್ಳಿ, ಎರಡೂ ಮೊಣಕೈ ಮಡಿಸಿ ಲಂಬಕೋನದಲ್ಲಿ (90 ಡಿಗ್ರಿ) ಬರಬೇಕು. ಅಷ್ಟು ಅಗಲಕ್ಕೆ ಕೈ ಹಿಡಿತ. ಅಲಗಿನ ಒಳಬಾಗಿದ ಮುಖ ನಿಮ್ಮ ಕಡೆಗಿರಲಿ. ಹೊಸಬರಲ್ಲಿ ಅರ್ಧ ಜನ ತಿರುಗಿಸಿ ಹಿಡಿದಿರುತ್ತಾರೆ.

ಅಲಗನ್ನು ಪಾದದ ಹತ್ತಿರ ಪೂರ್ತಿ ಮುಳುಗಿಸಿ, ಸೊಂಟದ ತನಕ ಎಳೆದು, ಅಲ್ಲೇ ಎತ್ತಿ. ಅದರಾಚೆ ಎಳೆದರೆ ದೋಣಿ ಮುಂದೆ ಹೋಗೋದಿಲ್ಲ, ಸುಮ್ನೆ ಅಡ್ಡ ತಿರುಗುತ್ತದೆ. ಎಳೆಯಬೇಕಾದ್ದು ತೋಳಿನಿಂದಲ್ಲ. ಒರಳಲ್ಲಿ ರುಬ್ಬುವಾಗ ಮೈ ತಿರುಗುತ್ತದಲ್ಲ, ಹಾಗೆ ಸೊಂಟದ ಮೇಲಿನ ಮೈಯನ್ನೇ ತಿರುಗಿಸಿ ಎಳೆಯಬೇಕು. ಅರ್ಧ ಗಂಟೆಗೇ ತೋಳು ನೋಯುತ್ತಿದೆ ಅಂದರೆ ತೋಳಿನಿಂದ ಎಳೆಯುತ್ತಿದ್ದೀರಿ ಅಂತ ಅರ್ಥ. ಹಿಡಿತ ಸಡಿಲ ಇರಲಿ. ಬಿಗಿ ಹಿಡಿದರೆ ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಗ್ಯಾರಂಟಿ.

ಬಲಕ್ಕೆ ತಿರುಗಬೇಕಾದರೆ ಎಡಗಡೆಯಿಂದ ಹುಟ್ಟನ್ನು ಮುಂದಿನ ಮೂತಿಯಿಂದ ಹಿಂದಿನ ಬಾಲದ ತನಕ ದೊಡ್ಡ ಅರ್ಧ ವೃತ್ತದಲ್ಲಿ ಸುತ್ತಿಸಿ. ಎಡಕ್ಕಾದರೆ ಬಲಗಡೆಯಿಂದ. ನಿಲ್ಲಿಸೋಕೆ ಎರಡೂ ಕಡೆ ಸಣ್ಣ ಸಣ್ಣದಾಗಿ ಹುಟ್ಟನ್ನು ಹಿಂದಿನಿಂದ ಮುಂದಕ್ಕೆ ಒತ್ತಿ. ಇಬ್ಬರು ಕೂರುವ ಕಯಾಕ್ ಆದರೆ ಮುಂದೆ ಕೂತವರು ತಾಳ ಹಾಕುತ್ತಾರೆ, ಹಿಂದೆ ಕೂತವರು ಅದನ್ನು ನೋಡಿ ಹಾಕಿ ದಿಕ್ಕನ್ನೂ ನೋಡಿಕೊಳ್ಳುತ್ತಾರೆ. ಹುಟ್ಟಿಗೆ ಹುಟ್ಟು ಹೊಡೆಯೋದು ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ಹರಿಗೋಲು ಹಾಕಿ ಅಭ್ಯಾಸ ಇರುವವರಿಗೆ ಮೊದಲಲ್ಲಿ ಗೊಂದಲ ಆಗುತ್ತದೆ. ಹರಿಗೋಲಿಗೆ ಹಿಂದು ಮುಂದು ಇಲ್ಲ, ಮುಂದಿನಿಂದ ನೀರನ್ನು ತನ್ನ ಕಡೆ ಎಳೆದುಕೊಂಡೇ ಹೋಗಬೇಕು. (ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರಯಾಣಿಕ ಡೊಮಿಂಗೊ ಪಾಯೆಸ್ ಐನೂರು ವರ್ಷದ ಹಿಂದೆಯೇ ಬುಟ್ಟಿಯಂಥ, ಚರ್ಮ ಹೊದಿಸಿದ ಈ ದೋಣಿಗಳ ಬಗ್ಗೆ ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ.)

ಈಗ ಮುಖ್ಯ ಪಾಠ. ಬೇಕೆಂದೇ ಮಗುಚಿ ಬೀಳಿ. ಹೌದು, ಎಲ್ಲರೂ, ಒಬ್ಬೊಬ್ಬರಾಗಿ. ಬಿದ್ದ ತಕ್ಷಣ ಒಂದು ಕೈಯಲ್ಲಿ ದೋಣಿ, ಇನ್ನೊಂದು ಕೈಯಲ್ಲಿ ಹುಟ್ಟು. ದೋಣಿ ಬಿಟ್ಟು ದಡಕ್ಕೆ ಈಜೋಕೆ ಹೋಗಬೇಡಿ, ತೇಲುವ ದೋಣಿ ದೂರದಿಂದಲೂ ಕಾಣುತ್ತದೆ, ನಿಮ್ಮ ತಲೆ ಕಾಣೋದಿಲ್ಲ. ಮಗುಚಿರುವ ದೋಣಿಯ ಆಚೆ ಅಂಚನ್ನು ಕೆಳಗಿಂದ ಅಥವಾ ಮೇಲಿಂದ ಹಿಡಿದು ನಿಮ್ಮ ಕಡೆ ಎಳೆದು ಸರಿ ಮಾಡಿ. ಆಮೇಲೆ ನಡುಭಾಗದ ಪಕ್ಕ ಬಂದು, ಕಾಲನ್ನು ಹಿಂದಕ್ಕೆ ಚಾಚಿ ನೀರಲ್ಲಿ ಜೋರಾಗಿ ಬಡಿಯಿರಿ. ಮೈ ನೀರಿನ ಮಟ್ಟಕ್ಕೆ ಬಂದಾಗ ಹೊಟ್ಟೆಯನ್ನು ದೋಣಿಯ ಮೇಲೆ ಅಡ್ಡ ಎಳೆದುಕೊಳ್ಳಿ. ಹೊಟ್ಟೆ, ಆಮೇಲೆ ಕುಂಡೆ, ಕೊನೆಗೆ ಕಾಲು, ಈ ಕ್ರಮದಲ್ಲಿ. ಮೊದಲೇ ಕಾಲು ಹಾಕೋಕೆ ಹೋದವರು ಮತ್ತೆ ಮಗುಚುತ್ತಾರೆ. ನನ್ನ ಅತ್ತಿಗೆಗೆ ನಾಲ್ಕನೇ ಸಲಕ್ಕೆ ಬಂತು, ಐವತ್ತು ದಾಟಿದ ವಯಸ್ಸು, ಈಜು ಬರೋದಿಲ್ಲ. ಬಂದ ಮೇಲೆ ಅವರ ಮುಖದಲ್ಲಿದ್ದ ಭಯ ಪೂರ್ತಿ ಹೋಗಿತ್ತು. ಈ ಅಭ್ಯಾಸ ಮಾಡದೆ ಆಳದ ನೀರಿಗೆ ಹೋಗೋದನ್ನು ನಾನು ಒಪ್ಪೋದಿಲ್ಲ.

ನೀರಿನ ಮೇಲೆ

ಹೊಸಬರು ಗಂಟೆಗೆ ಮೂರು ಕಿಲೋಮೀಟರ್ ಹೋದರೆ ಒಳ್ಳೆಯದೇ. ಅರ್ಧ ದಿನಕ್ಕೆ ಒಟ್ಟು ಐದಾರು ಕಿಲೋಮೀಟರ್ ಸಾಕು. ಎಲ್ಲರಿಗಿಂತ ನಿಧಾನ ಇರುವವರನ್ನು ಮುಂದೆ ಬಿಡಿ, ಗಟ್ಟಿಗರು ಹಿಂದೆ ಇರಲಿ. ದೊಡ್ಡ ಹೊಳೆಯಲ್ಲಿ ದಡದಿಂದ ಇಪ್ಪತ್ತು ಮೂವತ್ತು ಮೀಟರ್ ಒಳಗೇ ಇರಿ. ದಾಟಬೇಕಾದರೆ ಎಲ್ಲರೂ ಒಟ್ಟಿಗೆ, ನೇರವಾಗಿ, ಬೇಗ ದಾಟಿ. ಮೀನುಗಾರಿಕೆ ಬೋಟು ಬಂದರೆ ದಾರಿ ಬಿಡಬೇಕಾದ್ದು ನಾವೇ. ಅದರ ಅಲೆ ಬರುವಾಗ ದೋಣಿಯ ಮೂತಿಯನ್ನು ಅಲೆಗೆ ತಿರುಗಿಸಿ, ಅಡ್ಡ ನಿಲ್ಲಬೇಡಿ.

ನೀರಲ್ಲಿ ಸಾಲಾಗಿ ನೆಟ್ಟ ಬಿದಿರು ಗಳ, ತೇಲುವ ಪ್ಲಾಸ್ಟಿಕ್ ಬಾಟಲಿ ಅಥವಾ ಥರ್ಮಕೋಲ್ ತುಂಡು ಕಂಡರೆ ಅಲ್ಲಿ ಬಲೆ ಇದೆ ಅಂತ ಅರ್ಥ, ಇಲ್ಲ ಮೀನಿನ ಪಂಜರ. ಸುತ್ತು ಹಾಕಿ ಹೋಗಿ. ಹುಟ್ಟಿಗೆ ಬಲೆ ಸಿಕ್ಕಿ ಹರಿದರೆ ಒಬ್ಬರ ಒಂದು ದಿನದ ಊಟ ಹೋಯಿತು. ಅಕಸ್ಮಾತ್ ಸಿಕ್ಕಿದರೆ ಕೈಯಿಂದ ಬಿಡಿಸಿ. ಆ ಚಾಕು ಜೀವಕ್ಕೆ ಬಂದಾಗ ಮಾತ್ರ.

ಕಾಂಡ್ಲಾ ಕವಲಿನೊಳಗೆ ಹೋದ ಮೇಲೆ ಒಂದು ಐದು ನಿಮಿಷ ಹುಟ್ಟನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕೂತುಬಿಡಿ. ಮೊದಲು ಏನೂ ಕೇಳಿಸೋದಿಲ್ಲ. ಆಮೇಲೆ ನೀರೊಳಗಿಂದ, ದೋಣಿಯ ತಳಕ್ಕೆ ತಾಗಿ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುವ ಸದ್ದು ಬರೋಕೆ ಶುರುವಾಗುತ್ತದೆ. ಅದು ಒಂದು ಜಾತಿಯ ಸಣ್ಣ ಸಿಗಡಿ ತನ್ನ ಕೊಂಡಿ ಹೊಡೆಯುವ ಸದ್ದು. ತಲೆಯ ಮೇಲೆ ಕಾಂಡ್ಲಾದ ಕೋಡುಗಳು ನುಗ್ಗೆಕಾಯಿಯ ಹಾಗೆ ಜೋತಾಡುತ್ತಿರುತ್ತವೆ. ಅದು ಕಾಯಿಯಲ್ಲ, ಮರದ ಮೇಲೇ ಮೊಳೆತ ಸಸಿ. ಮಾಗಿದ ಮೇಲೆ ನೆಟ್ಟಗೆ ಕೆಳಗೆ ಬಿದ್ದು ಕೆಸರಲ್ಲಿ ಚುಚ್ಚಿಕೊಂಡು ಅಲ್ಲೇ ಬೇರು ಬಿಡುತ್ತದೆ, ನೀರಿಗೆ ಬಿದ್ದರೆ ತೇಲಿ ಹೋಗಿ ಬೇರೆ ಕಡೆ ನಿಲ್ಲುತ್ತದೆ. ಮಕ್ಕಳು ಕಿತ್ತು ಆಡೋಕೆ ನೋಡುತ್ತಾರೆ, ಬಿಡಬೇಡಿ. ಒಂದೊಂದು ಕೋಡೂ ಒಂದೊಂದು ಮರ. ಹುಟ್ಟಿನಿಂದ ಬೇರನ್ನು ತಳ್ಳೋದೂ ಬೇಡ. ದಡ ಕುಸಿಯದೆ ನಿಂತಿರೋದೇ ಆ ಬೇರಿನಿಂದ.

ಹೋಗಲೇಬಾರದ ಜಾಗ ಮೂರು. ಒಂದು ಅಳಿವೆ. ಹೊಳೆ ಕಡಲು ಸೇರುವ ಆ ಬಾಯಿ ದೂರದಿಂದ ತುಂಬ ಚಂದ, ಆದರೆ ಇಳಿತದ ಹೊತ್ತಲ್ಲಿ ಇಡೀ ಹೊಳೆಯ ನೀರು ಆ ಸಣ್ಣ ಬಾಯಿಂದ ನುಗ್ಗುತ್ತದೆ, ಎದುರಿಗೆ ಕಡಲ ಅಲೆ. ಅಲ್ಲಿ ಅನುಭವ ಇರುವ ಮೀನುಗಾರರ ದೋಣಿಗಳೇ ಮಗುಚಿವೆ. ಅಳಿವೆಯಿಂದ ಕನಿಷ್ಠ ಒಂದು ಕಿಲೋಮೀಟರ್ ದೂರದಲ್ಲೇ ತಿರುಗಿ. ಎರಡನೆಯದು ಕಿಂಡಿ ಅಣೆಕಟ್ಟು. ನಮ್ಮ ಕರಾವಳಿಯ ಹೊಳೆ ಹಳ್ಳಗಳಲ್ಲಿ ಎಲ್ಲಿ ನೋಡಿದರೂ ಇವೆ. ಮೇಲಿಂದ ಬರುವಾಗ ನೀರಿನ ಮಟ್ಟದಲ್ಲಿ ಒಂದು ಗೆರೆ ಮಾತ್ರ ಕಾಣುತ್ತದೆ, ಹತ್ತಿರ ಬಂದ ಮೇಲೆ ಸೆಳೆತ ಕಿಂಡಿಯ ಕಡೆ ಎಳೆಯುತ್ತದೆ. ಕೆಳಗಿನ ಕಡೆಯೂ ಅಪಾಯವೇ, ಧುಮುಕಿದ ನೀರು ಅಲ್ಲೇ ಸುತ್ತು ಹಾಕುತ್ತಾ ಬಿದ್ದವರನ್ನು ಮೇಲೆ ಬರೋಕೆ ಬಿಡೋದಿಲ್ಲ. ದೋಣಿಯನ್ನು ದಡಕ್ಕೆ ಎತ್ತಿ ನಡೆದೇ ದಾಟಿ. ಮೂರನೆಯದು ಹರಿಯುವ ನೀರಿಗೆ ಅಡ್ಡ ಬಿದ್ದ ಮರ. ನೀರು ಕೊಂಬೆಗಳ ನಡುವೆ ಹಾದುಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ.

ಕುಡಿದು ಯಾರೂ ನೀರಿಗೆ ಇಳಿಯಬಾರದು. ನಮ್ಮ ಗುಂಪಿನಲ್ಲಿ ಒಬ್ಬರು ಒಂದೇ ಒಂದು ಬಿಯರ್ ಅಂದರೂ ಅವರು ಅವತ್ತು ದಡದಲ್ಲೇ.

ದಡಕ್ಕೆ ಬಂದ ಮೇಲೆ

ಉಪ್ಪುನೀರು ತಾಗಿದ ದೋಣಿ, ಹುಟ್ಟು, ಜಾಕೆಟ್ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಒಣಗಿಸಿದರೆ ಜಾಕೆಟ್ಟಿನ ಬಟ್ಟೆ ಬೇಗ ಹಾಳಾಗುತ್ತದೆ. ಚಿಪ್ಪಿನ ಗಾಯ ಚಿಕ್ಕದು ಅಂತ ಬಿಡಬೇಡಿ, ಸೋಪು ಹಾಕಿ ತೊಳೆದು ಒಳಗೆ ಚೂರು ಉಳಿದಿದೆಯಾ ನೋಡಿ, ಟಿಟಿ ಇಂಜೆಕ್ಷನ್ ತಗೊಂಡು ತುಂಬ ದಿನ ಆಗಿದ್ದರೆ ಡಾಕ್ಟರನ್ನು ಕೇಳಿ. ನನ್ನ ಹಿಮ್ಮಡಿ ವಾಸಿಯಾಗೋಕೆ ಮೂರು ವಾರ ಹಿಡಿಯಿತು.

ಕೊನೆಗೆ ಒಂದು ಸಣ್ಣ ಪುಸ್ತಕದಲ್ಲಿ ಮೂರು ಸಾಲು ಬರೆದಿಡಿ: ತಿಥಿ, ಪಟ್ಟಿಯಲ್ಲಿದ್ದ ಭರತದ ಹೊತ್ತು, ನೀವಿದ್ದ ಜಾಗದಲ್ಲಿ ನೀರು ನಿಜವಾಗಿ ತಿರುಗಿದ ಹೊತ್ತು. ನೀರು ತಿರುಗೋದನ್ನು ತಿಳಿಯೋಕೆ ಒಂದು ಒಣ ಎಲೆ ತೇಲಿಬಿಟ್ಟರೆ ಸಾಕು. ನಾಲ್ಕೈದು ಸಲ ಬರೆದರೆ ನಿಮ್ಮ ಜಾಗದ ವ್ಯತ್ಯಾಸ ಸಿಕ್ಕಿಬಿಡುತ್ತದೆ. ನಾವು ಕೆಸರಲ್ಲಿ ಕೂತಿದ್ದ ಆ ಕವಲಿನ ಬಾಯಲ್ಲಿ ಪಟ್ಟಿಗಿಂತ 40 ನಿಮಿಷ ತಡ. ಈಗ ಅಲ್ಲಿಗೆ ಹೋಗುವಾಗ ಆ 40 ನಿಮಿಷ ಸೇರಿಸಿಯೇ ಮನೆಯಿಂದ ಹೊರಡುತ್ತೇವೆ.